ಬೀಸಣಿಗೆಯಾಕಾರದ ಆ ಬೆಳಕು: ಹರಿವೋ, ಹರಿವು ಕೊರೆದ ಪೊಳ್ಳೋ?

ಪ್ರಶ್ನೆ: ಪೆರ್ಲದ ಹತ್ತಿರದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳಿಗೆಂದು ಎಂಟಿಂಚಿನ ಡಾಬ್ಸೋನಿಯನ್ ದೂರದರ್ಶಕ ಇಟ್ಟುಕೊಂಡಿದ್ದೇವೆ. ಅವಕೆಂಪು ಬೆಳಕನ್ನು ತಡೆಯುವ ಗಾಜು ತೆಗೆಸಿದ ಕ್ಯಾಮೆರಾವೂ ಒಂದಿದೆ. ಮಹಾವ್ಯಾಧದ (ಓರಿಯನ್) ನಿಹಾರಿಕೆಯಲ್ಲಿ ಟ್ರೆಪೀಜಿಯಂನ ನಾಲ್ಕು ನಕ್ಷತ್ರಗಳು ಚೆನ್ನಾಗಿ ಕಾಣುತ್ತವೆ. ಅವುಗಳ ಹಿಂದಿನ ಮೋಡದೊಳಗೆ ಇನ್ನೂ ಹುಟ್ಟುತ್ತಿರುವ ಭಾರೀ ನಕ್ಷತ್ರಗಳಿವೆ, ಅವು ಅನಿಲವನ್ನು ಹೊರಗೆ ಚಿಮ್ಮುತ್ತವೆ ಎಂದು ಓದಿದೆ. ಅಷ್ಟು ಸೂಕ್ಷ್ಮವಾಗಿ ಅದನ್ನು ಚಿತ್ರಿಸುವುದು ಹೇಗೆ? ಚಿತ್ರದಲ್ಲಿ ಬೀಸಣಿಗೆಯ ಆಕಾರದಲ್ಲಿ ಕಾಣುವುದು ನಿಜಕ್ಕೂ ಹೊರಹರಿವೇ ಎಂದು ತಿಳಿಯುವುದು ಯಾವುದರಿಂದ? ನಮ್ಮ ಕ್ಯಾಮೆರಾದಿಂದ ಏನಾದರೂ ಆದೀತೇ?

ಉತ್ತರ: ಮಾಷ್ಟ್ರೇ, ಕೊನೆಯ ಪ್ರಶ್ನೆಯಿಂದಲೇ ಹೊರಡೋಣ. ನಿಮ್ಮ ಕ್ಯಾಮೆರಾದ ಸಿಲಿಕಾನ್ ಸಂವೇದಕ 1.1 ಮೈಕ್ರಾನ್ ದಾಟಿದ ಬೆಳಕಿಗೆ ಕುರುಡು. 850 ನ್ಯಾನೋಮೀಟರ್ ಫಿಲ್ಟರ್ ಹಾಕಿದರೆ ಸಿಗುವುದು 0.85ರಿಂದ ಸುಮಾರು 1 ಮೈಕ್ರಾನ್‌ವರೆಗಿನ ಒಂದು ತುಣುಕು. ಮೋಡದೊಳಗಿನ ಭಾರೀ ಎಳೆ ನಕ್ಷತ್ರದ ಮುಂದಿರುವ ಧೂಳು ಕಣ್ಣಿಗೆ ಕಾಣುವ ಬೆಳಕನ್ನು 50 ಮ್ಯಾಗ್ನಿಟ್ಯೂಡ್ (ಹೊಳಪಿನ ಮಾನ; ಐದು ಮ್ಯಾಗ್ನಿಟ್ಯೂಡ್ ಎಂದರೆ ನೂರು ಪಟ್ಟು) ಮಂಕು ಮಾಡುವುದು ಸಾಮಾನ್ಯ. ಅಂದರೆ ಹೊರಟ ಬೆಳಕಿನಲ್ಲಿ ನಮಗೆ ತಲುಪುವುದು 10ರ 20ನೇ ಘಾತದಲ್ಲಿ ಒಂದು ಪಾಲು. ನಿಮ್ಮ 0.85 ಮೈಕ್ರಾನ್‌ನಲ್ಲಿ ಈ ಮರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದರೂ ಸಾವಿರ ಕೋಟಿಯಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. 2.2 ಮೈಕ್ರಾನ್‌ನ ಕೆ ಬ್ಯಾಂಡಿಗೆ ಹೋದರೆ ಮರೆ ಒಂಬತ್ತನೇ ಒಂದಂಶಕ್ಕೆ, ಸುಮಾರು 5.5 ಮ್ಯಾಗ್ನಿಟ್ಯೂಡಿಗೆ ಇಳಿಯುತ್ತದೆ. ಆಗ ಬೆಳಕಿನ 160ನೇ ಒಂದು ಪಾಲು ಸಿಗುತ್ತದೆ, ಅದು ಧಾರಾಳವಾಯಿತು. ಈ ಇಡೀ ಕೆಲಸ 2 ಮೈಕ್ರಾನ್ ಸುತ್ತಮುತ್ತ ನಡೆಯುವುದು ಇದೇ ಕಾರಣಕ್ಕೆ. ನಿಮ್ಮ ಕ್ಯಾಮೆರಾಕ್ಕೆ ಬೇರೆ ಒಳ್ಳೆಯ ಕೆಲಸವೊಂದಿದೆ, ಮುಂದೆ ಹೇಳುತ್ತೇನೆ.

ನೀವು ನೋಡುತ್ತಿರುವ ಟ್ರೆಪೀಜಿಯಂನಿಂದ ವಾಯವ್ಯಕ್ಕೆ ಸುಮಾರು ಒಂದು ಆರ್ಕ್‌ ಮಿನಿಟ್ (ಡಿಗ್ರಿಯ 60ನೇ ಒಂದು ಭಾಗ) ದೂರದಲ್ಲಿ ಕಣ್ಣಿಗೆ ಏನೂ ಕಾಣದ ಒಂದು ಜಾಗವಿದೆ. 1967ರಲ್ಲಿ ಬೆಕ್ಲಿನ್ ಮತ್ತು ನ್ಯೂಗೆಬಾವರ್ ಅವಕೆಂಪಿನಲ್ಲಿ ಅಲ್ಲಿ ಒಂದು ಉಜ್ವಲ ಬಿಂದುವನ್ನು ಕಂಡರು. ಅದೇ ಇಂದಿನ ಬಿಎನ್ ಆಕರ. ಅದೇ ವರ್ಷ ಕ್ಲೈನ್‌ಮನ್ ಮತ್ತು ಲೋ ಅದರ ಪಕ್ಕದಲ್ಲೇ ಇನ್ನೂ ತಂಪಾದ, ಹರಡಿಕೊಂಡ ಹೊಳಪನ್ನು ಗುರುತಿಸಿದರು. ಸುಮಾರು 1,350 ಜ್ಯೋತಿರ್ವರ್ಷ ದೂರದ ಈ ಬಿಎನ್–ಕೆಎಲ್ ಪ್ರದೇಶ ಭಾರೀ ನಕ್ಷತ್ರಗಳು ಹುಟ್ಟುವ ತಾಣಗಳಲ್ಲಿ ನಮಗೆ ಅತ್ಯಂತ ಹತ್ತಿರದ್ದು. ಉಳಿದವುಗಳಲ್ಲಿ ಹೆಚ್ಚಿನವು 5,000ದಿಂದ 15,000 ಜ್ಯೋತಿರ್ವರ್ಷ ಆಚೆ ಇವೆ.

ಹತ್ತಿರದಲ್ಲಿ ಯಾಕಿಲ್ಲ ಎಂದರೆ ಅಂಥವು ಹುಟ್ಟುವುದೇ ಅಪರೂಪ. ಹುಟ್ಟಿದವು ಬೇಗ ಬೆಳೆಯುತ್ತವೆ. ಸೂರ್ಯನ ಎಂಟು ಪಟ್ಟಿಗಿಂತ ಹೆಚ್ಚು ತೂಕದ ನಕ್ಷತ್ರ ಮೇಲಿಂದ ಅನಿಲ ಬೀಳುತ್ತಿರುವಾಗಲೇ ಕುಗ್ಗಿ, ಕಾದು, ಹೈಡ್ರೋಜನ್ ಉರಿಸಲು ತೊಡಗುತ್ತದೆ. ಹಾಗಾಗಿ ಧೂಳಿನ ಹೊದಿಕೆ ಸರಿದು ಮುಖ ಕಾಣುವಷ್ಟರಲ್ಲಿ ಬಾಲ್ಯ ಮುಗಿದಿರುತ್ತದೆ. ನೋಡಬೇಕೆಂದರೆ ಹೊದಿಕೆಯೊಳಗೇ ನೋಡಬೇಕು.

ಎಷ್ಟು ಸೂಕ್ಷ್ಮತೆ ಬೇಕು ಎಂಬುದಕ್ಕೆ ಸುಲಭದ ಲೆಕ್ಕವಿದೆ. ಪಾರ್ಸೆಕ್‌ನಲ್ಲಿ (3.26 ಜ್ಯೋತಿರ್ವರ್ಷ) ದೂರವನ್ನು ಆರ್ಕ್‌ ಸೆಕೆಂಡಿನಲ್ಲಿ (ಆರ್ಕ್‌ ಮಿನಿಟಿನ 60ನೇ ಒಂದು ಭಾಗ) ಕೋನದಿಂದ ಗುಣಿಸಿದರೆ ಉತ್ತರ ನೇರವಾಗಿ ಖಗೋಳಮಾನದಲ್ಲಿ, ಅಂದರೆ ಭೂಮಿ–ಸೂರ್ಯರ ದೂರದ ಲೆಕ್ಕದಲ್ಲಿ ಬರುತ್ತದೆ. 3,000 ಪಾರ್ಸೆಕ್ ದೂರದಲ್ಲಿ ಒಂದು ಆರ್ಕ್‌ ಸೆಕೆಂಡ್ ಎಂದರೆ 3,000 ಖಗೋಳಮಾನ. ಹೊರಹರಿವು ಹೊರಡುವ, ನಕ್ಷತ್ರದ ಸುತ್ತ ಅನಿಲ–ಧೂಳಿನ ತಟ್ಟೆ ತಿರುಗುವ ಜಾಗವೆಲ್ಲ ಕೆಲವು ನೂರು ಖಗೋಳಮಾನದೊಳಗೆ. ಬೆಟ್ಟದ ಮೇಲಿನ ಒಳ್ಳೆಯ ರಾತ್ರಿಯಲ್ಲೂ ಗಾಳಿಯ ನಡುಕ ಚಿತ್ರವನ್ನು ಅರ್ಧದಿಂದ ಒಂದು ಆರ್ಕ್‌ ಸೆಕೆಂಡಿನಷ್ಟು ಹರಡಿಬಿಡುತ್ತದೆ. ಎಂಟು ಮೀಟರ್ ಕನ್ನಡಿ 2.2 ಮೈಕ್ರಾನ್‌ನಲ್ಲಿ ತಾತ್ವಿಕವಾಗಿ 0.06 ಆರ್ಕ್‌ ಸೆಕೆಂಡ್ ಬಿಡಿಸಬಲ್ಲದು. ಈ ಹತ್ತು ಪಟ್ಟು ನಷ್ಟವನ್ನು ಮರಳಿ ಗಳಿಸುವ ಪ್ರಯತ್ನವೇ ಹೈ ರೆಸಲ್ಯೂಷನ್ ಚಿತ್ರಣ.

ನಾಲ್ಕು ದಾರಿಗಳಿವೆ. ಹಳೆಯದು ಸ್ಪೆಕಲ್ ವಿಧಾನ, 1970ರಲ್ಲಿ ಲೇಬಿರಿ ಸೂಚಿಸಿದ್ದು. ತುಂಬಿ ಹರಿಯುವ ತೋಡಿನ ತಳದ ಬಿಳಿಕಲ್ಲನ್ನು ನೋಡುತ್ತಾ ನಿಂತರೆ ಬರೀ ಕಲಸಿದ ಬಿಳುಪು ಕಾಣುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಫೋಟೋ ತೆಗೆದರೆ ಕಲ್ಲು ಹತ್ತಾರು ಚೂರಾಗಿ, ಆದರೆ ಪ್ರತಿ ಚೂರೂ ಸ್ಪಷ್ಟ ಅಂಚಿನೊಂದಿಗೆ ಕಾಣುತ್ತದೆ. ನಕ್ಷತ್ರಕ್ಕೂ ಹಾಗೆಯೇ ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನ ನೂರಾರು, ಸಾವಿರಾರು ಚಿತ್ರಗಳನ್ನು ತೆಗೆದು, ಪ್ರತಿಯೊಂದರ ಫೂರಿಯೇ ರೂಪವನ್ನು (ಚಿತ್ರವನ್ನು ಅಲೆಗಳಾಗಿ ಬಿಡಿಸಿದ ರೂಪ) ಸರಾಸರಿ ಮಾಡುತ್ತಾರೆ. ಬರೀ ತೀವ್ರತೆಯ ಸರಾಸರಿ ತೆಗೆದರೆ ಆಕಾರದ ದಿಕ್ಕು ಕಳೆದುಹೋಗಿ, ಜೋಡಿ ನಕ್ಷತ್ರ ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯುವುದಿಲ್ಲ. ಬೈಸ್ಪೆಕ್ಟ್ರಂ ಎಂಬ ಮೂರು ಬಿಂದುಗಳ ಲೆಕ್ಕ ಆ ದಿಕ್ಕನ್ನು ಉಳಿಸಿಕೊಡುತ್ತದೆ. ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ: ಗಾಳಿ ಮತ್ತು ಕನ್ನಡಿ ಸೇರಿ ಮಾಡಿದ ಕಲಸುವಿಕೆ ಎಷ್ಟು ಎಂದು ತಿಳಿಯಲು ಪಕ್ಕದಲ್ಲೇ ಇರುವ ಒಂಟಿ ನಕ್ಷತ್ರವೊಂದನ್ನು ಆಗಾಗ ನೋಡಿ ಬರಬೇಕು. ಆ ನಕ್ಷತ್ರಕ್ಕೆ ಹೋಗಿ ಬರುವಷ್ಟರಲ್ಲಿ ಗಾಳಿಯ ಸ್ಥಿತಿ ಬದಲಾದರೆ, ಗುರಿಯ ಸುತ್ತ ಇಲ್ಲದ ಪ್ರಭಾವಳಿಯೊಂದು ಹುಟ್ಟಿಕೊಳ್ಳುತ್ತದೆ.

ಈ ವಿಧಾನದಲ್ಲಿ ಗೆರ್ಡ್ ವೈಗೆಲ್ಟ್ ಮತ್ತವರ ತಂಡ ರಷ್ಯದ ಆರು ಮೀಟರ್ ದೂರದರ್ಶಕವನ್ನು ಬಳಸಿ ಕೆ ಬ್ಯಾಂಡಿನಲ್ಲಿ 0.08 ಆರ್ಕ್‌ ಸೆಕೆಂಡಿನ ಮಟ್ಟದ ಚಿತ್ರಗಳನ್ನು ಕೊಟ್ಟಿತು. ನಿಮ್ಮ ಟ್ರೆಪೀಜಿಯಂನ ಅತ್ಯುಜ್ವಲ ನಕ್ಷತ್ರ ಥೀಟಾ-1 ಸಿ ನಿಜಕ್ಕೂ ಎರಡು ಎಂದು 1999ರಲ್ಲಿ ಪ್ರಕಟಿಸಿದ್ದೂ ಅದೇ ತಂಡ. ಆಗ ಅವೆರಡರ ಅಂತರ 0.033 ಆರ್ಕ್‌ ಸೆಕೆಂಡ್. ಸುಮಾರು 11 ವರ್ಷಕ್ಕೊಮ್ಮೆ ಅವು ಒಂದನ್ನೊಂದು ಸುತ್ತುತ್ತವೆ. ಮಕ್ಕಳಿಗೆ ‘ನಾಲ್ಕು’ ಎಂದು ತೋರಿಸುವಾಗ ಇದನ್ನೂ ಹೇಳಿ.

ಎರಡನೆಯದು ಅಡಾಪ್ಟಿವ್ ಆಪ್ಟಿಕ್ಸ್. ಗಾಳಿ ಡೊಂಕು ಮಾಡಿದ ಬೆಳಕಿನ ಅಲೆಯನ್ನು ಸೆಕೆಂಡಿಗೆ ನೂರಾರು ಸಲ ಅಳೆದು, ಬಾಗಬಲ್ಲ ತೆಳು ಕನ್ನಡಿಯಿಂದ ನೆಟ್ಟಗೆ ಮಾಡುವುದು. ಅಳೆಯಲು ಹತ್ತಿರದಲ್ಲೊಂದು ಉಜ್ವಲ ನಕ್ಷತ್ರ ಬೇಕು. ಭಾರೀ ಎಳೆ ನಕ್ಷತ್ರಗಳು ಕಪ್ಪು ಮೋಡದೊಳಗಿರುವುದರಿಂದ ಕಣ್ಣಿಗೆ ಕಾಣುವ ಬೆಳಕಿನ ಮಾರ್ಗದರ್ಶಿ ನಕ್ಷತ್ರ ಅಲ್ಲಿ ಸಿಗುವುದೇ ಕಷ್ಟ. ಚಿಲಿಯ ವಿಎಲ್‌ಟಿ ದೂರದರ್ಶಕದಲ್ಲಿದ್ದ ನಾಕೋ ಉಪಕರಣ ಅವಕೆಂಪಿನಲ್ಲೇ ಅಲೆಯನ್ನು ಅಳೆಯುತ್ತಿದ್ದುದರಿಂದ ಈ ಕ್ಷೇತ್ರಕ್ಕೆ ಅಷ್ಟು ಒಗ್ಗಿತು. ಇನ್ನೊಂದು ಉಪಾಯ, 589 ನ್ಯಾನೋಮೀಟರ್ ಲೇಸರ್ ಹಾರಿಸಿ ಸುಮಾರು 90 ಕಿ.ಮೀ. ಎತ್ತರದ ಸೋಡಿಯಂ ಪದರದಲ್ಲಿ ಕೃತಕ ನಕ್ಷತ್ರ ಮಾಡಿಕೊಳ್ಳುವುದು. ಜೆಮಿನಿ ಸೌತ್ ದೂರದರ್ಶಕ ಇಂಥ ಐದು ಬಿಂದುಗಳನ್ನು ಬಳಸಿ ಮಹಾವ್ಯಾಧದ ‘ಗುಂಡು’ಗಳ (ವೇಗವಾಗಿ ಚಿಮ್ಮಿದ ಅನಿಲದ ಮುದ್ದೆಗಳು) ಚಿತ್ರ ತೆಗೆದಿದೆ. ಇಲ್ಲಿ ಕೆಡುವುದು ಏನೆಂದರೆ, ಮಾರ್ಗದರ್ಶಿಯಿಂದ ದೂರ ಹೋದಂತೆ ನಕ್ಷತ್ರಗಳು ಅದರ ಕಡೆಗೆ ಚಾಚಿದಂತೆ ಉದ್ದವಾಗುತ್ತವೆ. ಚಿತ್ರದ ಒಂದು ಮೂಲೆಯಲ್ಲಿ ಮೂರು ನಾಲ್ಕು ‘ಜೆಟ್’ಗಳು (ಕಿರಿದಾಗಿ ಚಿಮ್ಮುವ ಹರಿವು) ಒಂದೇ ದಿಕ್ಕಿಗೆ ತಿರುಗಿದ್ದರೆ ಅವು ಜೆಟ್‌ಗಳಲ್ಲ.

ಮೂರನೆಯದು ಇಂಟರ್‌ಫೆರೊಮೀಟರ್: ಹಲವು ದೂರದರ್ಶಕಗಳ ಬೆಳಕನ್ನು ಒಂದುಗೂಡಿಸುವುದು. 2010ರಲ್ಲಿ ಸ್ಟೆಫಾನ್ ಕ್ರೌಸ್ ಮತ್ತಿತರರು ಐಆರ್‌ಎಎಸ್ 13481-6124 ಎಂಬ, ಸೂರ್ಯನ ಸುಮಾರು 20 ಪಟ್ಟು ತೂಕದ ಎಳೆ ನಕ್ಷತ್ರದ ಸುತ್ತಲಿನ ತಟ್ಟೆಯನ್ನು 0.0024 ಆರ್ಕ್‌ ಸೆಕೆಂಡ್ ಸೂಕ್ಷ್ಮತೆಯಲ್ಲಿ ತೋರಿಸಿದರು. ಅದು 85 ಮೀಟರ್ ಅಗಲದ ಕನ್ನಡಿಗೆ ಸಮ. ಆದರೆ ಇದರ ನೋಟ ತೀರಾ ಕಿರಿದು. ತಟ್ಟೆ ಸಿಗುತ್ತದೆ, ಹರಿವಿನ ಉದ್ದ ಸಿಗುವುದಿಲ್ಲ.

ನಾಲ್ಕನೆಯದು ಗಾಳಿಯ ಗೊಡವೆಯೇ ಇಲ್ಲದ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ. 6.5 ಮೀಟರ್ ಕನ್ನಡಿ, 2.1 ಮೈಕ್ರಾನ್‌ನಲ್ಲಿ 0.07 ಆರ್ಕ್‌ ಸೆಕೆಂಡ್. ಅದರ ಕಷ್ಟ ಎಂದರೆ ಅತಿಯಾದ ಸೂಕ್ಷ್ಮಗ್ರಾಹಿತನ. ಬಿಎನ್‌ನಂಥ ಉಜ್ವಲ ಆಕರ ಸಂವೇದಕವನ್ನು ತುಂಬಿಸಿ ಉಕ್ಕಿಸಿಬಿಡುತ್ತದೆ, ನಡುವಿನಲ್ಲಿ ಕಪ್ಪು ತೂತು ಉಳಿಯುತ್ತದೆ. ನಮಗೆ ಬೇಕಾದ ಮೊದಲ ನೂರಾರು ಖಗೋಳಮಾನ ಇರುವುದು ಆ ತೂತಿನೊಳಗೇ. ಹಾಗಾಗಿ ವೆಬ್ ಬಂದ ಮೇಲೂ ನೆಲದ ದೂರದರ್ಶಕಗಳ ಚಿಕ್ಕ ಎಕ್ಸ್‌ಪೋಷರ್‌ಗಳ ಕೆಲಸ ಮುಗಿದಿಲ್ಲ.

ಈಗ ಮುಖ್ಯ ವಿಷಯ. ಇಷ್ಟೆಲ್ಲ ಮಾಡಿ ಕೆ ಬ್ಯಾಂಡಿನಲ್ಲಿ ತೆಗೆದ ಚಿತ್ರದಲ್ಲಿ ನಕ್ಷತ್ರದ ಒಂದು ಬದಿಗೆ ಬೀಸಣಿಗೆಯಂತೆ ಬಿಚ್ಚಿಕೊಂಡ ಬೆಳಕು ಕಾಣುತ್ತದಲ್ಲ, ಅದರಲ್ಲಿ ಬಹುಪಾಲು ಹರಿಯುವ ಅನಿಲದ ಬೆಳಕಲ್ಲ. ಹರಿವು ಮೋಡವನ್ನು ಕೊರೆದು ಒಂದು ಪೊಳ್ಳು ಮಾಡಿದೆ. ನಕ್ಷತ್ರದ ಬೆಳಕು ಆ ಪೊಳ್ಳಿನೊಳಗೆ ಹಾದು, ಗೋಡೆಯ ಧೂಳಿಗೆ ತಾಗಿ ಚದುರಿ ನಮ್ಮ ಕಡೆ ಬರುತ್ತದೆ. ನಮಗೆ ಕಾಣುವುದು ಗೋಡೆ. ಹರಿವು ಇತ್ತು ಎಂಬುದಕ್ಕೆ ಗೋಡೆ ಸಾಕ್ಷಿ ನಿಜ, ಆದರೆ ಹರಿವಿನ ವೇಗವನ್ನಾಗಲಿ ತೂಕವನ್ನಾಗಲಿ ಗೋಡೆಯಿಂದ ಓದಲಾಗದು. ಪತ್ರಿಕೆಗಳಲ್ಲಿ ‘ನಕ್ಷತ್ರ ಉಗುಳುತ್ತಿರುವ ಅನಿಲ’ ಎಂಬ ಅಡಿಬರಹದೊಂದಿಗೆ ಬರುವ ಚಿತ್ರಗಳಲ್ಲಿ ಎಷ್ಟೋ ಇಂಥ ಗೋಡೆಗಳೇ.

ಒಂದು ಬದಿ ಮಾತ್ರ ಕಾಣುವುದಕ್ಕೂ ಇದೇ ಕಾರಣ. ಹರಿವು ಎರಡು ಕಡೆಗೂ ಇರುತ್ತದೆ. ನಮ್ಮ ಕಡೆ ವಾಲಿದ ಪೊಳ್ಳಿನ ಬಾಯಿ ತೆರೆದಂತೆ ಕಾಣುತ್ತದೆ, ಆಚೆ ವಾಲಿದ್ದು ಹೊದಿಕೆಯ ಹಿಂದೆ ಅಡಗುತ್ತದೆ. ಸೀಫಿಯಸ್ ಪುಂಜದ ಎಸ್‌140 ಐಆರ್‌ಎಸ್‌1 ಎಂಬ ಆಕರದ ಸ್ಪೆಕಲ್ ಚಿತ್ರದಲ್ಲಿ ಒಂದೇ ಬದಿಗೆ ಉದ್ದವಾದ ಹೊಳಪಿದೆ. ರಾಜಹಂಸದ ಎಎಫ್‌ಜಿಎಲ್ 2591ರಲ್ಲಿ, ಸುಮಾರು 10,000 ಜ್ಯೋತಿರ್ವರ್ಷ ದೂರದಲ್ಲಿ, ಪೊಳ್ಳಿನೊಳಗೆ ಒಂದರೊಳಗೊಂದು ಕೂತ ಬಳೆಗಳಿವೆ. ಹರಿವು ಒಂದೇ ಸಮನೆ ಹೊರಡದೆ ಆಗಾಗ ಉಕ್ಕಿ ಬಂದುದರ ಗುರುತು ಅವು ಎಂಬ ವ್ಯಾಖ್ಯಾನ ನನಗೆ ಒಪ್ಪಿಗೆಯಾಗುತ್ತದೆ. ಚಿತ್ರ ಸಂಸ್ಕರಣೆಯಲ್ಲಿ ಹುಟ್ಟುವ ಸುಳ್ಳು ಉಂಗುರಗಳು ನಕ್ಷತ್ರವನ್ನು ಸುತ್ತುವರಿದು ಸಮಾನವಾಗಿ ಬರುತ್ತವೆ. ಇವು ಒಂದೇ ಬದಿಗೆ ಸಾಲಾಗಿ ನಿಂತಿವೆ, ಆದ್ದರಿಂದ ನಿಜವೆಂದು ನಂಬಲು ಆಧಾರವಿದೆ.

ಹಾಗಾದರೆ ಹರಿಯುವ ಅನಿಲವನ್ನೇ ನೋಡುವುದು ಹೇಗೆ? ಹರಿವು ಸುತ್ತಲಿನ ತಂಪು ಅನಿಲಕ್ಕೆ ಢಿಕ್ಕಿ ಹೊಡೆದಲ್ಲಿ ಆಘಾತ ತರಂಗ ಎದ್ದು ಹೈಡ್ರೋಜನ್ ಅಣುಗಳು ಸುಮಾರು 2,000 ಡಿಗ್ರಿಗೆ ಕಾಯುತ್ತವೆ. ಆಗ ಅವು 2.122 ಮೈಕ್ರಾನ್‌ನ ಒಂದು ನಿರ್ದಿಷ್ಟ ರೇಖೆಯಲ್ಲಿ ಹೊಳೆಯುತ್ತವೆ. ಢಿಕ್ಕಿ ಇನ್ನೂ ಜೋರಾಗಿ ಅಣು ಒಡೆದುಹೋಗುವ ತುದಿಗಳಲ್ಲಿ ಅಯಾನೀಕೃತ ಕಬ್ಬಿಣದ 1.644 ಮೈಕ್ರಾನ್ ರೇಖೆ ಕಾಣುತ್ತದೆ. ಮಹಾವ್ಯಾಧದ ಬಿಎನ್–ಕೆಎಲ್‌ನಿಂದ ಬೆರಳುಗಳಂತೆ ಎಲ್ಲ ದಿಕ್ಕಿಗೂ ಚಿಮ್ಮಿದ ಗುಂಡುಗಳಲ್ಲಿ ತುದಿ ಕಬ್ಬಿಣದ್ದು, ಹಿಂದಿನ ಬಾಲ ಹೈಡ್ರೋಜನ್ ಅಣುವಿನದು. ಅದು ಮೇಲೆ ಹೇಳಿದ ಎರಡು ಕಡೆಯ ಹರಿವಿನ ಮಾದರಿಗೆ ಸೇರುವುದಿಲ್ಲ. ಸುಮಾರು 500 ವರ್ಷಗಳ ಹಿಂದೆ ಒಂದೇ ಸಲಕ್ಕೆ ಆದ ಸ್ಫೋಟದಂಥ ಘಟನೆ ಅದು. ಬಿಎನ್ ಸೇರಿದಂತೆ ಕೆಲವು ನಕ್ಷತ್ರಗಳು ಆ ಜಾಗದಿಂದ ದೂರ ಓಡುತ್ತಿರುವುದನ್ನು ಅಳೆದಿದ್ದಾರೆ.

ನೀವೂ ಮಕ್ಕಳೂ ಮಾಡಬಹುದಾದ ಕೆಲಸ ಇಲ್ಲಿದೆ, ಕ್ಯಾಮೆರಾ ಬೇಡ, ಕಂಪ್ಯೂಟರ್ ಸಾಕು. ಹವಾಯಿಯ 3.8 ಮೀಟರ್ ಯುಕೆಐಆರ್‌ಟಿ ದೂರದರ್ಶಕ ಯುವಿಶ್-2 ಎಂಬ ಸಮೀಕ್ಷೆಯಲ್ಲಿ ಆಕಾಶಗಂಗೆಯ ಒಂದು ಪಟ್ಟಿಯನ್ನು 2.122 ಮೈಕ್ರಾನ್ ಕಿರಿ ಫಿಲ್ಟರಿನಲ್ಲಿ (ಆ ರೇಖೆಯ ಆಸುಪಾಸಿನ ಬೆಳಕನ್ನಷ್ಟೇ ಬಿಡುವುದು) ಚಿತ್ರಿಸಿದೆ. ಅದೇ ಜಾಗದ ಕೆ ಬ್ಯಾಂಡ್ ಚಿತ್ರ ಯುಕಿಡ್ಸ್ ಸಮೀಕ್ಷೆಯಲ್ಲಿದೆ. ಎಡಿನ್‌ಬರೋದ ಡಬ್ಲ್ಯುಎಫ್‌ಕ್ಯಾಮ್ ವಿಜ್ಞಾನ ಭಂಡಾರದಿಂದ ಇವನ್ನು ಬೇಕಾದಷ್ಟೇ ತುಂಡು ಕತ್ತರಿಸಿ ಇಳಿಸಿಕೊಳ್ಳಬಹುದು. ಮೊದಲಿಗೆ ಜಿ35.2-0.74 ಎನ್ ಎಂಬ ಆಕರವನ್ನು ತೆಗೆದುಕೊಳ್ಳಿ. ವಿಷುವದಂಶ 18 ಗಂಟೆ 58 ನಿಮಿಷ 13 ಸೆಕೆಂಡ್, ಘಂಟಾವೃತ್ತಾಂಶ ಉತ್ತರಕ್ಕೆ 1 ಡಿಗ್ರಿ 40 ನಿಮಿಷ 36 ಸೆಕೆಂಡ್. ಸುಮಾರು 2,200 ಪಾರ್ಸೆಕ್ ದೂರ. ಎರಡು ಆರ್ಕ್‌ ಮಿನಿಟ್ ಚೌಕ ಸಾಕು: ಪಿಕ್ಸೆಲಿಗೆ 0.2 ಆರ್ಕ್‌ ಸೆಕೆಂಡ್ ಎಂದರೆ 600×600 ಪಿಕ್ಸೆಲ್, ಕಡತ ಒಂದೂವರೆ ಎಂಬಿಯ ಹತ್ತಿರ. ಮಳೆಗಾಲದಲ್ಲಿ ನೆಟ್ ಕೈಕೊಡುವ ನಿಮ್ಮ ಕಡೆಯೂ ಇದು ಇಳಿಯುತ್ತದೆ. ವೆಬ್‌ನ ಮಹಾವ್ಯಾಧ ಚಿತ್ರಗಳಿಗೆ ಈಗಲೇ ಕೈಹಾಕಬೇಡಿ, ಅವು ಗಿಗಾಬೈಟ್ ಲೆಕ್ಕದವು.

ಎರಡೂ ಕಡತಗಳನ್ನು ಡಿಎಸ್‌9 ತಂತ್ರಾಂಶದಲ್ಲಿ ಅಕ್ಕಪಕ್ಕ ತೆರೆದು ನೋಡಿ. ಮುಂದಿನ ಲೆಕ್ಕಕ್ಕೆ ಪೈಥಾನ್‌ನ ಆಸ್ಟ್ರೋಪೈ, ಫೋಟ್‌ಯುಟಿಲ್ಸ್ ಸಾಕು. ಮೊದಲು ಪ್ರತಿ ಚಿತ್ರದಿಂದ ಆಕಾಶದ ಹಿನ್ನೆಲೆ ಕಳೆಯಿರಿ. ನಕ್ಷತ್ರವಿಲ್ಲದ ಪಿಕ್ಸೆಲ್‌ಗಳ ಮಧ್ಯಕ ತೆಗೆದರಾಯಿತು, ಆದರೆ ಆ ಪಿಕ್ಸೆಲ್‌ಗಳನ್ನು ನಿಹಾರಿಕೆಯ ಮೇಲಿಂದ ಆರಿಸಬೇಡಿ. ಬಳಿಕ ಒಂದನ್ನು ಇನ್ನೊಂದರ ಮೇಲೆ ಕೂರಿಸಬೇಕು. ಕಡತದೊಳಗಿನ ಆಕಾಶ ನಿರ್ದೇಶಾಂಕ ನಂಬುವಂಥದ್ದೇ, ಆದರೂ ಹತ್ತು ನಕ್ಷತ್ರಗಳ ಕೇಂದ್ರ ಅಳೆದು ವ್ಯತ್ಯಾಸ ಪಿಕ್ಸೆಲಿನ ಹತ್ತನೇ ಒಂದು ಭಾಗಕ್ಕೆ ಇಳಿದಿದೆಯೇ ಎಂದು ನೋಡಿ. ಇಲ್ಲದಿದ್ದರೆ ಕಳೆದ ಮೇಲೆ ಪ್ರತಿ ನಕ್ಷತ್ರದ ಜಾಗದಲ್ಲಿ ಒಂದು ಬಿಳಿ, ಒಂದು ಕಪ್ಪು ಹೀಗೆ ಜೋಡಿ ಮಚ್ಚೆ ಉಳಿಯುತ್ತದೆ.

ಅನಂತರದ್ದು ಹೆಚ್ಚಿನವರು ಹಾರಿಸಿಬಿಡುವ ಹೆಜ್ಜೆ: ಎರಡರ ಹರಡಿಕೆಯನ್ನು ಸಮ ಮಾಡುವುದು. ಹತ್ತು ಹದಿನೈದು ಒಂಟಿ ನಕ್ಷತ್ರಗಳ ಅರ್ಧ ಎತ್ತರದ ಅಗಲ ಅಳೆಯಿರಿ. ಸುಮಾರು 12ನೇ ಮ್ಯಾಗ್ನಿಟ್ಯೂಡ್‌ಗಿಂತ ಉಜ್ವಲವಾದವನ್ನು ಬಿಡಿ, ಅವು ಉಕ್ಕಿರುತ್ತವೆ. ಒಂದು ಚಿತ್ರದಲ್ಲಿ 0.9, ಇನ್ನೊಂದರಲ್ಲಿ 0.7 ಆರ್ಕ್‌ ಸೆಕೆಂಡ್ ಬಂತು ಎನ್ನೋಣ. ಎರಡರ ವರ್ಗಗಳ ವ್ಯತ್ಯಾಸದ ವರ್ಗಮೂಲ 0.57, ಅದನ್ನು 2.355ರಿಂದ ಭಾಗಿಸಿದರೆ 0.24 ಆರ್ಕ್‌ ಸೆಕೆಂಡ್, ಅಂದರೆ 1.2 ಪಿಕ್ಸೆಲ್. ಚೂಪಾದ ಚಿತ್ರವನ್ನು ಇಷ್ಟು ಸಿಗ್ಮಾದ (ಹರಡಿಕೆಯ ಅಳತೆ) ಗಾಸಿಯನ್‌ನಿಂದ, ಅಂದರೆ ಗಂಟೆಯಾಕಾರದ ವಕ್ರರೇಖೆಯಿಂದ, ಮಸುಕು ಮಾಡಿ. ಮಸುಕಾದುದನ್ನು ಚೂಪು ಮಾಡಲು ಹೋಗಬೇಡಿ. ರಿಚರ್ಡ್‌ಸನ್–ಲೂಸಿ ವಿಧಾನದಿಂದ ಚೂಪು ಮಾಡಿದರೆ ನಿಹಾರಿಕೆಯೊಳಗಿನ ಉಜ್ವಲ ನಕ್ಷತ್ರದ ಸುತ್ತ ಉಂಗುರ ಬರುತ್ತದೆ, ಲೆಕ್ಕದ ಸುತ್ತು ಹೆಚ್ಚಿಸಿದಷ್ಟೂ ಅದು ಗಾಢವಾಗುತ್ತದೆ. ಆಮೇಲೆ ಅದನ್ನೇ ಪೊಳ್ಳಿನ ಗೋಡೆ ಎಂದುಕೊಳ್ಳುವಿರಿ.

ಈಗ ಅಳತೆ ಹೊಂದಿಸುವುದು. ಕೆ ಫಿಲ್ಟರಿನ ಅಗಲ ಸುಮಾರು 0.34 ಮೈಕ್ರಾನ್, ಕಿರಿ ಫಿಲ್ಟರಿನದು 0.021. ಆದ್ದರಿಂದ ಸೆಕೆಂಡಿನ ಲೆಕ್ಕದಲ್ಲಿ ಕೆ ಚಿತ್ರದಲ್ಲಿ ಸುಮಾರು 16 ಪಟ್ಟು ಹೆಚ್ಚು ಬೆಳಕು. ಎಕ್ಸ್‌ಪೋಷರ್ ಕಾಲವೂ ಬೇರೆ ಇರುವುದರಿಂದ ಈ ಸಂಖ್ಯೆಯನ್ನು ನೇರ ಬಳಸದೆ, ಮೂವತ್ತು ನಲವತ್ತು ನಕ್ಷತ್ರಗಳ ಬೆಳಕಿನ ಅನುಪಾತ (ಕಿರಿ ಫಿಲ್ಟರಿನದನ್ನು ಕೆ ಬ್ಯಾಂಡಿನದರಿಂದ ಭಾಗಿಸಿ) ತೆಗೆದು ಅವುಗಳ ಮಧ್ಯಕವನ್ನು ಬಳಸಿ. ಕೆ ಚಿತ್ರವನ್ನು ಅದರಿಂದ ಗುಣಿಸಿ ಕಿರಿ ಫಿಲ್ಟರಿನ ಚಿತ್ರದಿಂದ ಕಳೆಯಿರಿ. ನಕ್ಷತ್ರಗಳೂ ಚದುರಿದ ಬೆಳಕೂ ಮಾಯವಾಗಿ, 2.122 ಮೈಕ್ರಾನ್‌ನಲ್ಲಿ ಹೊಳೆಯುವುದಷ್ಟೇ ಉಳಿಯಬೇಕು. ಕೆ ಬ್ಯಾಂಡಿನೊಳಗೂ ಆ ರೇಖೆ ಇರುವುದರಿಂದ ಕಳೆಯುವಾಗ ಅದರ ಸ್ವಲ್ಪ ಭಾಗ ಹೋಗುತ್ತದೆ. ಆಕಾರ ನೋಡುವ ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ.

‘ಬೇಕು’ ಎಂದೆ, ಯಾಕೆಂದರೆ ಪೂರ್ತಿ ಹಾಗೆ ಆಗುವುದಿಲ್ಲ. ಮೋಡದೊಳಗಿನ ನಕ್ಷತ್ರ ಬಹಳ ಕೆಂಪು, ಅದರ ಬೆಳಕು ಕೆ ಬ್ಯಾಂಡಿನ ಉದ್ದ ತರಂಗದ ತುದಿಯಲ್ಲೇ ಹೆಚ್ಚು. ಕೆ ಬ್ಯಾಂಡಿನ ನಡು 2.2, ಕಿರಿ ಫಿಲ್ಟರ್ 2.12. ಸಾಮಾನ್ಯ ನಕ್ಷತ್ರಗಳಿಂದ ತೆಗೆದ ಅನುಪಾತವನ್ನು ಇದಕ್ಕೆ ಹಚ್ಚಿದರೆ ಹೆಚ್ಚು ಕಳೆದಂತಾಗಿ ಆ ಜಾಗ ಕಪ್ಪಾಗುತ್ತದೆ. ಕೆಂಪು ನಕ್ಷತ್ರದ ಬೆಳಕನ್ನು ಚದುರಿಸುವ ಗೋಡೆಯೂ ಕೆಲವೊಮ್ಮೆ ಕಪ್ಪಾಗುತ್ತದೆ. ಆ ಕಪ್ಪು ನಿಮಗೆ ಸಹಾಯವೇ: ಅದು ಗೋಡೆ ಎಂಬುದಕ್ಕೆ ಗುರುತು. ಇನ್ನೊಂದು ತೊಡಕು, ಎರಡು ಚಿತ್ರಗಳು ಬೇರೆ ಬೇರೆ ವರ್ಷ ತೆಗೆದವು. ಎಳೆ ನಕ್ಷತ್ರದ ಹೊಳಪು ಸ್ಥಿರವಲ್ಲ. ಎಸ್‌255 ಪ್ರದೇಶದ ಎನ್‌ಐಆರ್‌ಎಸ್‌3 ಎಂಬ, ಸೂರ್ಯನ ಸುಮಾರು 20 ಪಟ್ಟು ತೂಕದ ನಕ್ಷತ್ರ 2015ರಲ್ಲಿ ಒಮ್ಮೆಲೇ ಹೊಳಪೇರಿತು, ಪೊಳ್ಳಿನೊಳಗೆ ಆ ಬೆಳಕು ಸರಿದುಹೋಗುವುದೂ ಕಂಡಿತು. ತಟ್ಟೆಯಿಂದ ದೊಡ್ಡ ತುತ್ತೊಂದು ನಕ್ಷತ್ರದ ಮೇಲೆ ಬಿದ್ದುದು ಕಾರಣ. ಇಂಥ ಬದಲಾವಣೆಯ ನಡುವೆ ತೆಗೆದ ಎರಡು ಚಿತ್ರ ಕಳೆದರೆ ನಕ್ಷತ್ರದ ಜಾಗದಲ್ಲಿ ಏನು ಉಳಿದರೂ ಅರ್ಥವಿಲ್ಲ.

ಉಳಿದ ಹೊಳಪು ಆಘಾತದ್ದೇ ಎಂದು ಒಪ್ಪುವ ಮೊದಲು ಇನ್ನೂ ಒಂದು ಅನುಮಾನ ಬಗೆಹರಿಯಬೇಕು. ಭಾರೀ ನಕ್ಷತ್ರಗಳ ನೆರೆಯಲ್ಲಿ ನೇರಳಾತೀತ ಬೆಳಕು ಹೇರಳ, ಅದು ಬಿದ್ದರೂ ಹೈಡ್ರೋಜನ್ ಅಣು ಇದೇ ರೇಖೆಯಲ್ಲಿ ಹೊಳೆಯುತ್ತದೆ. ವೃತ್ತಿಪರರು 2.248 ಮೈಕ್ರಾನ್‌ನ ಇನ್ನೊಂದು ರೇಖೆಯನ್ನೂ ಅಳೆಯುತ್ತಾರೆ. ಅದು 2.122ರ ಹತ್ತನೇ ಒಂದರಷ್ಟಿದ್ದರೆ ಆಘಾತ, ಅರ್ಧಕ್ಕೆ ಸಮೀಪವಿದ್ದರೆ ನೇರಳಾತೀತದ ಕೆಲಸ. ಅದಕ್ಕೆ ರೋಹಿತಮಾಪಕ ಬೇಕು. ನಮ್ಮ ದೇಶದಲ್ಲಿ ಹಾನ್ಲೆಯ ಎರಡು ಮೀಟರ್ ಹಿಮಾಲಯ ಚಂದ್ರ ದೂರದರ್ಶಕದ ಟಿರ್‌ಸ್ಪೆಕ್, ದೇವಸ್ಥಲದ 3.6 ಮೀಟರ್ ದೂರದರ್ಶಕದ ಟ್ಯಾನ್‌ಸ್ಪೆಕ್ ಇಂಥ ಕೆಲಸಕ್ಕಿವೆ. ನಿಮಗೆ ಸಿಗುವ ಸಾಕ್ಷ್ಯ ಆಕಾರ. ಆಘಾತದ ಹೊಳಪು ಗಂಟುಗಂಟಾಗಿ, ನಕ್ಷತ್ರದಿಂದ ಆಚೆ ತಿರುಗಿದ ಬಿಲ್ಲಿನಂತೆ, ಒಂದೇ ಗೆರೆಯಲ್ಲಿ ಎರಡು ಬದಿಗೂ ಬರುತ್ತದೆ. ನೇರಳಾತೀತದ್ದು ಮೋಡದ ಅಂಚನ್ನು ಹಿಡಿದು ನಯವಾದ ಎಳೆಯಾಗಿ ಬರುತ್ತದೆ. ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕದ 4.5 ಮೈಕ್ರಾನ್ ಚಿತ್ರದಲ್ಲಿ ಅದೇ ಜಾಗ ಹರಡಿಕೊಂಡು ಹೊಳೆದರೆ ನಂಬಿಕೆ ಹೆಚ್ಚುತ್ತದೆ. ಚಿತ್ರಗಳಲ್ಲಿ ಆ ಬ್ಯಾಂಡಿಗೆ ಹಸಿರು ಬಣ್ಣ ಕೊಡುವ ರೂಢಿಯಿಂದ ಇವಕ್ಕೆ ‘ಹಸಿರು ಆಕರ’ಗಳೆಂಬ ಹೆಸರು ಬಂದಿದೆ. 2008ರ ಪಟ್ಟಿಯಲ್ಲೇ ಅಂಥವು 300ಕ್ಕೂ ಹೆಚ್ಚು.

ಜಿ35.2ರಲ್ಲಿ ಬೀಸಣಿಗೆ ಉತ್ತರದ ಕಡೆಗಿದೆ. ವಿಮಾನದಲ್ಲಿ ಹೊತ್ತೊಯ್ಯುತ್ತಿದ್ದ ಸೋಫಿಯಾ ದೂರದರ್ಶಕ ಅದನ್ನು 37 ಮೈಕ್ರಾನ್‌ವರೆಗೆ ನೋಡಿದಾಗ, ಕಿರು ತರಂಗಗಳಲ್ಲಿ ಅಡಗಿದ್ದ ದಕ್ಷಿಣದ ಪೊಳ್ಳೂ ಕಾಣಿಸಿಕೊಂಡಿತು. ತರಂಗ ಉದ್ದವಾದಂತೆ ಹೊದಿಕೆ ಪಾರದರ್ಶಕವಾಗುತ್ತದೆ ಎಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಚಲನೆಯನ್ನು ಅಳೆದರೆ ಹರಿವಿನ ಬಗ್ಗೆ ಸಂಶಯವೇ ಉಳಿಯುವುದಿಲ್ಲ. ಸೂತ್ರ ಸರಳ: ಸೆಕೆಂಡಿಗೆ ಕಿ.ಮೀ. ವೇಗ ಎಂದರೆ 4.74 ಗುಣಿಸು ವರ್ಷಕ್ಕೆ ಆರ್ಕ್‌ ಸೆಕೆಂಡ್ ಚಲನೆ ಗುಣಿಸು ಪಾರ್ಸೆಕ್‌ನಲ್ಲಿ ದೂರ. ಮಹಾವ್ಯಾಧದ ದೂರದಲ್ಲಿ 300 ಕಿ.ಮೀ. ವೇಗದ ಗುಂಡು ವರ್ಷಕ್ಕೆ 0.15 ಆರ್ಕ್‌ ಸೆಕೆಂಡ್ ಸರಿಯುತ್ತದೆ, ಕೆಲವೇ ವರ್ಷಗಳಲ್ಲಿ ಗೊತ್ತಾಗುತ್ತದೆ. 3,000 ಪಾರ್ಸೆಕ್ ಆಚೆ 100 ಕಿ.ಮೀ. ವೇಗದ ಗಂಟು ಸರಿಯುವುದು ವರ್ಷಕ್ಕೆ 0.007 ಮಾತ್ರ. ಹತ್ತು ವರ್ಷ ಕಾದರೆ 0.07, ದೊಡ್ಡ ಕನ್ನಡಿಯ ಒಂದು ಚುಕ್ಕೆಯಷ್ಟು. ಸೂಕ್ಷ್ಮತೆಗೆ ಇಷ್ಟು ಬಡಿದಾಡುವುದಕ್ಕೆ ಇದೂ ಒಂದು ಕಾರಣ: 0.7 ಆರ್ಕ್‌ ಸೆಕೆಂಡಿನ ಚಿತ್ರದಲ್ಲಿ ಇದೇ ಅಳತೆಗೆ ಒಬ್ಬರ ಇಡೀ ವೃತ್ತಿಜೀವನವೇ ಸಾಲದು. ವೇಗ ಗೊತ್ತಾದರೆ ವಯಸ್ಸೂ ಸಿಗುತ್ತದೆ. ಅರ್ಧ ಪಾರ್ಸೆಕ್ ಉದ್ದದ ಹರಿವು 100 ಕಿ.ಮೀ. ವೇಗದಲ್ಲಿ ಹೊರಟಿದ್ದರೆ ಅದಕ್ಕೆ ಸುಮಾರು 4,900 ವರ್ಷ. ಹರಿವು ನಮ್ಮ ಕಡೆ ಎಷ್ಟು ವಾಲಿದೆ ಎಂಬುದನ್ನು ಸೇರಿಸದಿದ್ದರೆ ಈ ಸಂಖ್ಯೆ ಎರಡು ಪಟ್ಟು ತಪ್ಪಿದರೂ ಆಶ್ಚರ್ಯವಿಲ್ಲ.

ವೆಬ್ ಚಿತ್ರಗಳನ್ನು ನೋಡುವಾಗ ಒಂದು ಎಚ್ಚರ. ಉಜ್ವಲ ನಕ್ಷತ್ರದಿಂದ ಆರು ದೊಡ್ಡ, ಎರಡು ಸಣ್ಣ ಮುಳ್ಳುಗಳು ಹೊರಡುತ್ತವೆ, ಅವು ಕನ್ನಡಿಯ ಮತ್ತು ಅದರ ಮುಂದಿನ ಆಧಾರ ಕಂಬಗಳ ಆಕಾರದಿಂದ ಬರುವಂಥವು. ಚಿತ್ರದ ಎಲ್ಲ ನಕ್ಷತ್ರಗಳಲ್ಲೂ ಅದೇ ದಿಕ್ಕಿಗೆ ಇರುತ್ತವೆ. ಜೆಟ್ ಎಂದು ಅನುಮಾನ ಬಂದರೆ ಪಕ್ಕದ ನಕ್ಷತ್ರವನ್ನು ನೋಡಿದರಾಯಿತು.

ಇನ್ನು ನಿಮ್ಮ ಎಂಟಿಂಚಿನ ಕನ್ನಡಿಯ ಕೆಲಸ. ಸ್ಪೆಕಲ್ ವಿಧಾನದ ಸರಳ ತಮ್ಮನನ್ನು ಅದರಲ್ಲೇ ಕಲಿಸಬಹುದು: ಸಾವಿರಾರು ಚಿಕ್ಕ ಚಿತ್ರ ತೆಗೆದು ಚೆನ್ನಾಗಿ ಬಂದವನ್ನಷ್ಟೇ ಸೇರಿಸುವುದು. ಗುರಿ ಟ್ರೆಪೀಜಿಯಂನ ಐದನೇ, ಆರನೇ ನಕ್ಷತ್ರಗಳಾದ ಇ ಮತ್ತು ಎಫ್. 11ನೇ ಮ್ಯಾಗ್ನಿಟ್ಯೂಡ್ ಹತ್ತಿರದ ಇವು ಉಜ್ವಲ ನೆರೆಯವರಿಂದ ಸುಮಾರು 4 ಆರ್ಕ್‌ ಸೆಕೆಂಡ್ ದೂರದಲ್ಲಿವೆ. ಕಾಸರಗೋಡಿನಲ್ಲಿ ಮಹಾವ್ಯಾಧದ ನಿಹಾರಿಕೆ 72 ಡಿಗ್ರಿ ಎತ್ತರಕ್ಕೆ ಏರುತ್ತದೆ, ಗಾಳಿಯ ಪದರ ಆಗ ಅತಿ ತೆಳು. ಜನವರಿಯಲ್ಲಿ ರಾತ್ರಿ ಹತ್ತರ ಆಸುಪಾಸಿನಲ್ಲಿ ಇದು ಸಿಗುತ್ತದೆ. ಡಾಬ್ಸೋನಿಯನ್ ಆಕಾಶದ ತಿರುಗುವಿಕೆಯನ್ನು ಹಿಂಬಾಲಿಸದು, ಸೆಕೆಂಡಿಗೆ 15 ಆರ್ಕ್‌ ಸೆಕೆಂಡ್ ಓಟ. ಎಕ್ಸ್‌ಪೋಷರ್ 0.05 ಸೆಕೆಂಡಿಗೆ ಇಟ್ಟರೆ ಗೆರೆ ಮುಕ್ಕಾಲು ಆರ್ಕ್‌ ಸೆಕೆಂಡಿನೊಳಗೆ ನಿಲ್ಲುತ್ತದೆ. 1,200 ಮಿ.ಮೀ. ನಾಭಿದೂರಕ್ಕೆ 3.76 ಮೈಕ್ರಾನ್ ಪಿಕ್ಸೆಲ್ ಎಂದರೆ 0.65 ಆರ್ಕ್‌ ಸೆಕೆಂಡ್, ಹೊಂದುತ್ತದೆ. ನಕ್ಷತ್ರ ನೋಟದಿಂದ ಹೊರಟಾಗ ಕೊಳವೆಯನ್ನು ಸರಿಸಿ ಮತ್ತೆ ತೆಗೆಯಿರಿ. ಎರಡು ಸಾವಿರ ಚಿತ್ರ ಸೇರಿದ ಮೇಲೆ ಮೇಲಿನ ಶೇಕಡಾ 10 ಆರಿಸಿ ಸಿರಿಲ್ ತಂತ್ರಾಂಶದಲ್ಲಿ ಕೂಡಿಸಿ, ಎಲ್ಲವನ್ನೂ ಕೂಡಿಸಿದ್ದರ ಪಕ್ಕದಲ್ಲಿಡಿ. 850 ನ್ಯಾನೋಮೀಟರ್ ಫಿಲ್ಟರ್ ಹಾಕಿಯೇ ತೆಗೆಯಿರಿ: ನಿಹಾರಿಕೆಯ ಕೆಂಪು ಹೈಡ್ರೋಜನ್ ಹೊಳಪು ತಡೆದುಹೋಗುತ್ತದೆ, ಉದ್ದ ತರಂಗದಲ್ಲಿ ಗಾಳಿಯ ನಡುಕವೂ ತುಸು ಕಡಿಮೆ. ದೂರದರ್ಶಕವನ್ನು ಒಂದು ಗಂಟೆ ಮೊದಲೇ ಹೊರಗಿಡಿ, ಮುರಕಲ್ಲಿನ ಪದವಿನಲ್ಲಿಡುವುದಾದರೆ ಬಿಸಿಲಿಗೆ ಕಾದ ಬಂಡೆಯ ಮೇಲೆ ಬೇಡ, ಹುಲ್ಲಿನ ಮೇಲಿರಲಿ. ಕಲ್ಲು ಬಿಸಿ ಬಿಡುವವರೆಗೂ ಅದರ ಮೇಲಿನ ಗಾಳಿ ಕುದಿಯುತ್ತಿರುತ್ತದೆ.

ಎಸ್‌140, ಎಎಫ್‌ಜಿಎಲ್ 2591ರ ಹೆಸರು ಕೇಳಿ ಮಕ್ಕಳು ಅವನ್ನೇ ಮೊದಲು ಮಾಡೋಣ ಎಂದರೆ ಒಪ್ಪಬೇಡಿ. ಎಸ್‌140 ಆಕಾಶಗಂಗೆಯ ನಡುಗೆರೆಯಿಂದ ಐದು ಡಿಗ್ರಿ ಆಚೆ ಇರುವುದರಿಂದ ಯುವಿಶ್-2ರ ಪಟ್ಟಿಯೊಳಗೆ ಬರುವುದಿಲ್ಲ. ಎಎಫ್‌ಜಿಎಲ್ 2591ರ ನಡು ಕೆ ಬ್ಯಾಂಡಿನಲ್ಲಿ ಎಷ್ಟು ಉಜ್ವಲವೆಂದರೆ ಈ ಬಗೆಯ ಸಮೀಕ್ಷೆಯಲ್ಲಿ ಅದು ಉಕ್ಕಿ ಕಳೆಯುವ ಲೆಕ್ಕವೇ ಕೆಡುತ್ತದೆ. ಜಿ35.2ರಲ್ಲಿ ಕೈ ಕುದುರಿದ ಮೇಲೆ ಯುವಿಶ್-2ರ ಅದೇ ಪಟ್ಟಿಯಲ್ಲಿ ಆಕಾಶಗಂಗೆಯ 30ರಿಂದ 40 ಡಿಗ್ರಿ ರೇಖಾಂಶದ ನಡುವಿನ ಹಸಿರು ಆಕರಗಳನ್ನು ಒಂದೊಂದಾಗಿ ಇಳಿಸಿಕೊಳ್ಳಿ. ಪ್ರತಿಯೊಂದರ ಕಳೆದ ಚಿತ್ರವನ್ನು ಮುದ್ರಿಸಿ, ಹೊಳಪಿನ ಗಂಟುಗಳಿಗೆ ಒಂದು ಬಣ್ಣ, ಕಪ್ಪಾಗಿ ಉಳಿದ ಗೋಡೆಗಳಿಗೆ ಇನ್ನೊಂದು ಬಣ್ಣ ಹಾಕಿಸಿ, ಗಂಟುಗಳ ನಡುವೆ ಅಳತೆಪಟ್ಟಿಯಿಟ್ಟು ಗೆರೆ ಎಳೆಸಿ. ಗೆರೆ ನಕ್ಷತ್ರದ ಮೇಲೆ ಹಾದುಹೋಗದಿದ್ದರೆ ಆ ಹರಿವು ಬೇರೆ ಯಾವುದೋ ನೆರೆ ನಕ್ಷತ್ರದ್ದು. ಗುಂಪಾಗಿ ಹುಟ್ಟುವ ಈ ತಾಣಗಳಲ್ಲಿ ಹಾಗಾಗುವುದು ಬಹಳ ಸಲ.